ಸಾವಿರ ಫೋಟೊಗೆ ಒಂದೇ ಎಂಟರ್

‘ಪುಟ್ಟಿ, ಈ ಹುಡುಗನ ಮುಖ ಒಂಚೂರು ಚಿಕ್ಕದು ಮಾಡಮ್ಮ, ಜಾಸ್ತಿ ಆಯ್ತಂತೆ...’

ತಿಪಟೂರಿನಲ್ಲಿರುವ ನಮ್ಮ ಚಿಕ್ಕಪ್ಪನ ಜೆರಾಕ್ಸ್ ಅಂಗಡಿಯಲ್ಲಿ ಈ ಮಾತು ಕೇಳಿಸಿಕೊಂಡ ಹೊಸಬರು ಹುಡುಗನ ಮುಖವನ್ನೇ ತಿರುಗಿ ನೋಡುತ್ತಾರೆ. ಪಾಪ, ಅವನ ಮುಖ ಸರಿಯಾಗಿಯೇ ಇರುತ್ತದೆ. ಜಾಸ್ತಿಯಾಗಿರುವುದು ಫೋಟೊದ ಗಾತ್ರ. ಆನ್‌ಲೈನ್ ಅರ್ಜಿ 50 ಕೆ.ಬಿ.ಗಿಂತ ದೊಡ್ಡ ಫೋಟೊ ಒಪ್ಪುವುದಿಲ್ಲ. ಅಮ್ಮನ ಮೊಬೈಲಿನಲ್ಲಿ ತೆಗೆದ ಫೋಟೊ 4 ಎಂ.ಬಿ. ಇರುತ್ತದೆ. ಒಂದು ಲೋಟ ಹಿಡಿಸುವ ಕಡೆ ಎಂಬತ್ತು ಲೋಟ ನೀರು ತಂದ ಹಾಗೆ. ಅರ್ಜಿಯ ಪುಟ ಕೆಂಪು ಅಕ್ಷರದಲ್ಲಿ ಬೈದು ವಾಪಸು ಕಳಿಸುತ್ತದೆ. ಕೊನೆಯ ದಿನ ಮಾತ್ರ ಯಾವಾಗಲೂ ನಾಳೆಯೇ ಆಗಿರುತ್ತದೆ!

ನಾನು ಬಿ.ಇ. ಮೂರನೇ ವರ್ಷದಲ್ಲಿದ್ದೇನೆ. ರಜೆಗೆ ಊರಿಗೆ ಬಂದರೆ ಅಂಗಡಿಯ ಎರಡನೇ ಕುರ್ಚಿ ನನ್ನದು. ಅಲ್ಲಿ ಚಿಕ್ಕಪ್ಪನದು ಒಂದೇ ವಿಧಾನ. ಪೇಂಟ್ ತೆರೆಯುವುದು, ಫೋಟೊ ತೆರೆಯುವುದು, ರೀಸೈಜ್ ಒತ್ತಿ ಶೇ 20 ಅಂತ ಕೊಡುವುದು, ಬೇರೆ ಹೆಸರಿನಲ್ಲಿ ಸೇವ್ ಮಾಡುವುದು, ಆಮೇಲೆ ಎಷ್ಟಾಯಿತು ಅಂತ ನೋಡುವುದು. 62 ಕೆ.ಬಿ. ಬಂದಿದ್ದರೆ ಮತ್ತೆ ಮೊದಲಿನಿಂದ. ಒಂದು ಫೋಟೊಗೆ ಸುಮಾರು ಐದು ನಿಮಿಷ. ಒಬ್ಬರು ಇಬ್ಬರು ಬಂದರೆ ಅದರಲ್ಲೇನೂ ಕಷ್ಟವಿಲ್ಲ.

ಕಷ್ಟ ಬಂದಿದ್ದು ಕಳೆದ ವರ್ಷ ಜುಲೈನ ಒಂದು ಶನಿವಾರ. ಹತ್ತಿರದ ಹಳ್ಳಿಯ ಪ್ರೌಢಶಾಲೆಯ ಮೇಷ್ಟ್ರೊಬ್ಬರು ಪೆನ್‌ಡ್ರೈವ್ ಹಿಡಿದುಕೊಂಡು ಬಂದರು. ಅದರಲ್ಲಿ 214 ಮಕ್ಕಳ ಫೋಟೊ. ಎಲ್ಲವೂ 50 ಕೆ.ಬಿ. ಒಳಗಿರಬೇಕು, ಸೋಮವಾರ ಬೆಳಿಗ್ಗೆ ಬೇಕು. ಚಿಕ್ಕಪ್ಪ ಕ್ಯಾಲ್ಕುಲೇಟರ್ ಒತ್ತಿದರು. 214 ಗುಣಿಸು 5, ಹತ್ತಿರ ಹತ್ತಿರ 18 ಗಂಟೆ. ‘ಮೇಷ್ಟ್ರೇ, ಭಾನುವಾರ ನಮ್ ಮನೇಲಿ ಕೊಬ್ಬರಿ ಕೀಳ್ಸೋದೈತೆ’ ಅಂತ ತಲೆ ಕೆರೆದುಕೊಂಡರು. ಮೇಷ್ಟ್ರು ಏನೂ ಹೇಳದೆ ನಿಂತೇ ಇದ್ದರು. ಅವರಿಗೂ ಬೇರೆ ದಾರಿ ಇರಲಿಲ್ಲ.

ನಾನು ಪೆನ್‌ಡ್ರೈವ್ ಇಸಿದುಕೊಂಡೆ.

ಕಪ್ಪು ಪರದೆಯ ಮಾಂತ್ರಿಕ

ಹಾಸ್ಟೆಲ್‌ನಲ್ಲಿ ನನ್ನ ಪಕ್ಕದ ರೂಮಿನ ಸೀನಿಯರ್ ಅಕ್ಕ ಒಬ್ಬರಿಗೆ ಮೌಸ್ ಮುಟ್ಟುವುದೆಂದರೆ ಬೇಜಾರು. ಕಪ್ಪು ಪರದೆ ತೆರೆದು ಒಂದು ಸಾಲು ಟೈಪ್ ಮಾಡಿ ಎಂಟರ್ ಒತ್ತುತ್ತಿದ್ದರು. ಫೆಸ್ಟ್‌ನ ನೂರಾರು ಫೋಟೊ ಸಣ್ಣದಾಗಿ, ಸಾಲಾಗಿ ಇನ್ನೊಂದು ಫೋಲ್ಡರ್‌ನಲ್ಲಿ ಬಂದು ಕೂರುತ್ತಿದ್ದವು. ಅವರು ಬಳಸುತ್ತಿದ್ದ ತಂತ್ರಾಂಶದ ಹೆಸರು ಇಮೇಜ್‌ಮ್ಯಾಜಿಕ್. ಅಮೆರಿಕದ ಡುಪಾಂಟ್ ಕಂಪನಿಯಲ್ಲಿದ್ದ ಜಾನ್ ಕ್ರಿಸ್ಟಿ 1987ರಲ್ಲಿ ಇದನ್ನು ಬರೆಯಲು ಶುರು ಮಾಡಿದರು. ಆಗಿನ ಪರದೆಗಳು ಒಮ್ಮೆಗೆ 256 ಬಣ್ಣ ಮಾತ್ರ ತೋರಿಸುತ್ತಿದ್ದವು. ಅಂಥ ಪರದೆಯ ಮೇಲೆ ಲಕ್ಷಾಂತರ ಬಣ್ಣದ ಚಿತ್ರ ತೋರಿಸುವುದು ಹೇಗೆ ಅನ್ನುವುದು ಅವರ ಮುಂದಿದ್ದ ಸಮಸ್ಯೆ. 1990ರ ಆಗಸ್ಟ್‌ನಲ್ಲಿ ಅದನ್ನು ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟರು. ನಾನು ಹುಟ್ಟುವ ಮೊದಲೇ ಬಂದ ತಂತ್ರಾಂಶ ಇವತ್ತಿಗೂ ಉಚಿತ, ಇವತ್ತಿಗೂ ಹೊಸ ಆವೃತ್ತಿ ಬರುತ್ತಲೇ ಇದೆ.

ಅದನ್ನು ಅಂಗಡಿಯ ಕಂಪ್ಯೂಟರಿಗೆ ಹಾಕಿ, ಹಳೆಯ ಪಾಠವೊಂದರಲ್ಲಿ ನೋಡಿದ್ದಂತೆ ‘ಕನ್ವರ್ಟ್’ ಅಂತ ಟೈಪ್ ಮಾಡಿದೆ. ವಿಂಡೋಸ್ ಏನೋ ಡ್ರೈವ್ ವಿಷಯ ಮಾತಾಡಿತು. ಆಮೇಲೆ ಗೊತ್ತಾಯಿತು, ವಿಂಡೋಸ್‌ನಲ್ಲಿ ಅದೇ ಹೆಸರಿನ ಇನ್ನೊಂದು ಕಮಾಂಡ್ ಮೊದಲಿನಿಂದಲೂ ಇದೆ. ಅದರ ಕೆಲಸ ಚಿತ್ರ ಬದಲಿಸುವುದಲ್ಲ, ಇಡೀ ಡ್ರೈವ್‌ನ ಫೈಲ್ ವ್ಯವಸ್ಥೆಯನ್ನೇ ಬದಲಿಸುವುದು! ಒಂದೇ ಊರಿನಲ್ಲಿ ಒಂದೇ ಹೆಸರಿನವರು ಇಬ್ಬರಿದ್ದು, ಅಂಚೆಯಣ್ಣ ತಪ್ಪು ಮನೆಗೆ ಕಾಗದ ಕೊಟ್ಟ ಹಾಗಾಯಿತು. ಪುಣ್ಯಕ್ಕೆ ಏನೂ ಹೆಚ್ಚುಕಡಿಮೆ ಆಗಲಿಲ್ಲ. ಇಮೇಜ್‌ಮ್ಯಾಜಿಕ್‌ನ ಏಳನೇ ಆವೃತ್ತಿಯಿಂದ ಕಮಾಂಡ್ ‘ಮ್ಯಾಜಿಕ್’ ಅಂತಲೇ ಶುರುವಾಗುತ್ತದೆ. ಹಾಗಾಗಿ ಈ ಗೊಂದಲ ಈಗ ಬೇಕಿಲ್ಲ.

ಒಂದು ಫೋಟೊ ಮೇಲೆ ಮಾಡಿ ನೋಡಿದೆ. ಬಂತು. ಆಮೇಲೆ ಅದೇ ಸಾಲನ್ನು ‘ಫಾರ್’ ಅನ್ನುವ ಕಮಾಂಡ್ ಒಳಗೆ ಕೂರಿಸಿದೆ. ಅದರ ಅರ್ಥ ಸರಳ: ಈ ಫೋಲ್ಡರ್‌ನಲ್ಲಿರುವ ಪ್ರತಿಯೊಂದು ಫೋಟೊಗೂ ಹೀಗೆ ಮಾಡು. ಮೇಷ್ಟ್ರು ಕ್ಲಾಸಿನಲ್ಲಿ ‘ಎಲ್ಲರೂ ಎದ್ದು ನಿಂತ್ಕೊಳ್ಳಿ’ ಅಂತ ಒಂದೇ ಸಲ ಹೇಳುತ್ತಾರಲ್ಲ, ಹಾಗೆ. ಒಬ್ಬೊಬ್ಬರ ಹೆಸರು ಕರೆಯಬೇಕಾಗಿಲ್ಲ.

ಮೊದಲ ಸಲಕ್ಕೇ ಎಲ್ಲವೂ ಸರಿಹೋಗಲಿಲ್ಲ ಅನ್ನಿ. ಫೈಲ್ ಹೆಸರಿನಲ್ಲಿ ಹುಡುಗನ ಹೆಸರಿಗೂ ಇನಿಷಿಯಲ್‌ಗೂ ನಡುವೆ ಜಾಗ ಇದ್ದ ಕಡೆಯೆಲ್ಲ ಕಂಪ್ಯೂಟರ್ ಅದನ್ನು ಎರಡು ಫೈಲ್ ಅಂದುಕೊಂಡು, ಎರಡೂ ಸಿಗಲಿಲ್ಲ ಅಂತ ದೂರಿತು. ಹೆಸರಿಗೆ ಉದ್ಧರಣ ಚಿಹ್ನೆಯ ಬೇಲಿ ಹಾಕಿದ ಮೇಲೆ ಸುಮ್ಮನಾಯಿತು. ಕನ್ನಡದಲ್ಲಿ ಹೆಸರಿಟ್ಟಿದ್ದ ಫೈಲ್‌ಗಳು ಕಪ್ಪು ಪರದೆಯ ಮೇಲೆ ಬರೀ ಚೌಕ ಚೌಕವಾಗಿ ಕಂಡವು, ಆದರೆ ಕೆಲಸ ನಿಲ್ಲಲಿಲ್ಲ. ಒಬ್ಬ ಮೇಡಂ ತಮ್ಮ ಐಫೋನ್‌ನಲ್ಲಿ ತೆಗೆದಿದ್ದ ಫೋಟೊಗಳು ಎಚ್‌ಇಐಸಿ ಅನ್ನುವ ಬೇರೆ ನಮೂನೆಯಲ್ಲಿದ್ದವು. 2017ರಿಂದ ಐಫೋನ್‌ಗಳು ಬಳಸುವ ನಮೂನೆ ಅದು. ಅರ್ಜಿ ಕೇಳುವುದು ಜೆಪೆಗ್. ಕಮಾಂಡ್‌ನಲ್ಲಿ ಕೊನೆಯ ಹೆಸರನ್ನು ಜೆಪೆಗ್ ಅಂತ ಬದಲಿಸಿದರೆ ಸಾಕು, ತಂತ್ರಾಂಶ ತಾನೇ ಅನುವಾದ ಮಾಡಿಕೊಡುತ್ತದೆ.

ಇನ್ನು ಹತ್ತು ಹನ್ನೆರಡು ಮಕ್ಕಳು ಅಡ್ಡ ಮಲಗಿದ್ದರು. ಫೋನನ್ನು ಹೇಗೆ ಹಿಡಿದರೂ ಅದರ ಒಳಗಿನ ಸೆನ್ಸರ್ ಒಂದೇ ದಿಕ್ಕಿನಲ್ಲಿ ಚಿತ್ರ ಬರೆಯುತ್ತದೆ, ‘ಇದನ್ನು ತಿರುಗಿಸಿ ತೋರಿಸು’ ಅಂತ ಪಕ್ಕದಲ್ಲಿ ಒಂದು ಚೀಟಿ ಅಂಟಿಸುತ್ತದೆ. ಗಾತ್ರ ಕಡಿಮೆ ಮಾಡುವ ಆತುರದಲ್ಲಿ ನಾನು ಚೀಟಿಗಳನ್ನೆಲ್ಲ ಕಿತ್ತುಹಾಕುವ ‘ಸ್ಟ್ರಿಪ್’ ಸೇರಿಸಿದ್ದೆ. ಚೀಟಿ ಹೋಯಿತು, ಮಕ್ಕಳು ಮಲಗಿದರು. ಮೊದಲು ‘ಆಟೊ ಓರಿಯೆಂಟ್’ ಕೊಟ್ಟು ನಿಜವಾಗಿಯೂ ತಿರುಗಿಸಿ, ಆಮೇಲೆ ಚೀಟಿ ಕೀಳಬೇಕು. ಕ್ರಮ ತಪ್ಪಿದರೆ ಎಲ್ಲವೂ ತಪ್ಪು. ಒಗ್ಗರಣೆಗೆ ಎಣ್ಣೆ ಕಾಯುವ ಮೊದಲೇ ಸಾಸಿವೆ ಹಾಕಿದ ಹಾಗೆ.

ಇಷ್ಟೆಲ್ಲ ಸರಿಮಾಡಲು ಎರಡು ಗಂಟೆ ಹಿಡಿಯಿತು. ಆಮೇಲೆ 214 ಫೋಟೊ ಮುಗಿಯಲು ಎರಡು ನಿಮಿಷವೂ ಬೇಕಾಗಲಿಲ್ಲ. ಚಿಕ್ಕಪ್ಪ ನಂಬಲಿಲ್ಲ. ಒಂದೊಂದೇ ತೆರೆದು ನೋಡಿದರು. 38 ಕೆ.ಬಿ., 41 ಕೆ.ಬಿ., 35 ಕೆ.ಬಿ. ‘ಲೇ ಪುಟ್ಟಿ, ಇಷ್ಟ್ ವರ್ಷ ನಾನು ಸುಮ್ನೆ ಮೌಸ್ ಸವೆಸ್ದೆನಲ್ಲಮ್ಮ’ ಅಂದರು. ಅವತ್ತು ಮಸಾಲೆ ದೋಸೆ ಅವರದೇ ಖರ್ಚು.

ಕುಗ್ಗುವಾಗ ಹೋಗುವುದೇನು?

ಇಲ್ಲಿ ಸ್ವಲ್ಪ ಪಾಠ ಹೇಳಬೇಕು, ಮುಂದಿನ ಕಥೆಗೆ ಅದು ಬೇಕು.

12 ಮೆಗಾಪಿಕ್ಸೆಲ್ ಫೋಟೊ ಅಂದರೆ ಉದ್ದಕ್ಕೆ 4000, ಅಗಲಕ್ಕೆ 3000, ಒಟ್ಟು 1.2 ಕೋಟಿ ಚುಕ್ಕಿ. ಪ್ರತಿ ಚುಕ್ಕಿಗೂ ಕೆಂಪು, ಹಸಿರು, ನೀಲಿಗೆ ಒಂದೊಂದು ಬೈಟ್. ಹಾಗೇ ಬರೆದಿಟ್ಟರೆ 36 ಎಂ.ಬಿ. ಆಗಬೇಕು. ಆದರೆ ಫೋನ್‌ನಲ್ಲಿ ಇರುವುದು 4 ಎಂ.ಬಿ. ಮಿಕ್ಕಿದ್ದು ಎಲ್ಲಿ ಹೋಯಿತು? ಅದು ಜೆಪೆಗ್‌ನ ಜಾಣತನ. ಚಿತ್ರವನ್ನು ಎಂಟು ಚುಕ್ಕಿ ಅಗಲ, ಎಂಟು ಚುಕ್ಕಿ ಉದ್ದದ ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕದಲ್ಲೂ ನಮ್ಮ ಕಣ್ಣು ಗಮನಿಸದಷ್ಟು ಸಣ್ಣ ಏರಿಳಿತಗಳನ್ನು ಅದು ಸರಿಸುಮಾರು ಮಾಡಿಬಿಡುತ್ತದೆ. ಸಂತೆಯಲ್ಲಿ 99 ರೂಪಾಯಿ 60 ಪೈಸೆಯನ್ನು ನೂರು ಅಂತ ಲೆಕ್ಕ ಹಿಡಿಯುವುದಿಲ್ಲವೇ, ಹಾಗೆ. ನಮ್ಮ ಕಣ್ಣಿಗೆ ಬೆಳಕಿನ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ, ಬಣ್ಣದ ವ್ಯತ್ಯಾಸ ಅಷ್ಟಾಗಿ ತಿಳಿಯುವುದಿಲ್ಲ. ಅದಕ್ಕೇ ಬಣ್ಣದ ಲೆಕ್ಕದಲ್ಲಿ ಇನ್ನೂ ಹೆಚ್ಚು ಕೈಬಿಡುತ್ತದೆ. ಬಿಟ್ಟ ಪೈಸೆ ಮತ್ತೆ ಬರುವುದಿಲ್ಲ. ಪಿಎನ್‌ಜಿ ಹಾಗಲ್ಲ, ಪೈಸೆ ಪೈಸೆಯನ್ನೂ ಉಳಿಸಿಕೊಳ್ಳುತ್ತದೆ. ಅದಕ್ಕೇ ಅದರಲ್ಲಿ ಫೋಟೊಗಳು ಭಾರ. ಸಹಿ, ಲೋಗೊ ಇಂಥವಕ್ಕೆ ಮಾತ್ರ ಅದೇ ಸರಿ. ಜೆಪೆಗ್ ಮಾಡಿ ತೀರಾ ಕುಗ್ಗಿಸಿದರೆ ಸಹಿಯ ಸುತ್ತ ಧೂಳು ಕೂತ ಹಾಗೆ ಕಾಣುತ್ತದೆ.

ನಾನು ಮಾಡಿದ್ದು ಇದರ ಮೇಲೆ ಇನ್ನೊಂದು ಕತ್ತರಿ. 4000ಕ್ಕೆ 3000 ಇದ್ದದ್ದನ್ನು 400ಕ್ಕೆ 300 ಮಾಡಿದೆ. ಅಂದರೆ 1.2 ಕೋಟಿ ಚುಕ್ಕಿ 1.2 ಲಕ್ಷಕ್ಕೆ ಇಳಿಯಿತು. ನೂರು ಚುಕ್ಕಿ ಇದ್ದ ಕಡೆ ಒಂದು. ಅರ್ಜಿಯ ಮೂಲೆಯಲ್ಲಿ ಅಂಚೆಚೀಟಿಯಷ್ಟು ಕಾಣುವ ಮುಖಕ್ಕೆ ಅಷ್ಟು ಸಾಕು. ಬೇರೆ ಕೆಲಸಕ್ಕೆ ಸಾಲದು.

ದಸರಾ ರಜೆಯ ಒಂದು ಎಂಟರ್

ಆ ಜುಲೈ ಆದಮೇಲೆ ನನಗೆ ಸ್ವಲ್ಪ ಕೊಬ್ಬು ಬಂದಿತ್ತು ಅಂತ ಈಗ ಅನ್ನಿಸುತ್ತದೆ. ಊರಿಗೆ ಬಂದಾಗಲೆಲ್ಲ ಚಿಕ್ಕಪ್ಪ ‘ನಮ್ ಪುಟ್ಟಿ ಒಂದು ಬಟನ್ ಒತ್ತಿದ್ರೆ ಇಡೀ ಸ್ಕೂಲು ಸಣ್ಣಗಾಗುತ್ತೆ’ ಅಂತ ಗಿರಾಕಿಗಳ ಮುಂದೆ ಹೇಳುತ್ತಿದ್ದರು. ನಾನು ನಗುತ್ತಾ ತಲೆ ತಗ್ಗಿಸುತ್ತಿದ್ದೆ, ಒಳಗೊಳಗೇ ಹಿಗ್ಗುತ್ತಿದ್ದೆ.

ದಸರಾ ರಜೆಯಲ್ಲಿ ಅಂಗಡಿಯ ಕಂಪ್ಯೂಟರ್‌ನ ಡಿ ಡ್ರೈವ್ ತುಂಬಿ ಕೆಂಪಾಗಿತ್ತು. ಸ್ಕ್ಯಾನ್ ಮಾಡಿದ್ದು ಉಳಿಯುತ್ತಿರಲಿಲ್ಲ. ಅರ್ಜಿಗೆ ಕಳಿಸಿ ಮುಗಿದಿದ್ದ ಸುಮಾರು 400 ಫೋಟೊಗಳ ದೊಡ್ಡ ಪ್ರತಿಗಳು ಅಲ್ಲೇ ಬಿದ್ದಿದ್ದವು. ಅವನ್ನು ಸಣ್ಣ ಮಾಡಿದರೆ ಜಾಗವಾಗುತ್ತದೆ ಅಂದುಕೊಂಡೆ. ಇಮೇಜ್‌ಮ್ಯಾಜಿಕ್‌ನಲ್ಲಿ ‘ಮಾಗ್ರಿಫೈ’ ಅಂತ ಒಂದು ಕಮಾಂಡ್ ಇದೆ. ಅದು ಸಣ್ಣ ಮಾಡಿದ ಚಿತ್ರವನ್ನು ಬೇರೆ ಕಡೆ ಇಡುವುದಿಲ್ಲ, ಹಳೆಯದರ ಜಾಗದಲ್ಲೇ, ಹಳೆಯದರ ಹೆಸರಿನಲ್ಲೇ ಕೂರಿಸುತ್ತದೆ. ಹಳೆಯದು ರೀಸೈಕಲ್ ಬಿನ್‌ಗೂ ಹೋಗುವುದಿಲ್ಲ. ‘ಖಂಡಿತಾನಾ?’ ಅಂತ ಯಾರೂ ಕೇಳುವುದಿಲ್ಲ. ನನಗೆ ಬೇಕಾಗಿದ್ದೂ ಅದೇ.

ಫೋಟೊಗಳು 8, 9, 10ನೇ ತರಗತಿ ಅಂತ ಬೇರೆ ಬೇರೆ ಫೋಲ್ಡರ್‌ಗಳಲ್ಲಿದ್ದವು. ಒಂದೊಂದಕ್ಕೂ ಹೋಗಿ ಓಡಿಸುವ ಬದಲು ‘ಫಾರ್’ ಪಕ್ಕದಲ್ಲಿ ಒಂದು ಓರೆಗೆರೆ, ಒಂದು ಆರ್ ಅಕ್ಷರ ಸೇರಿಸಿದೆ. ‘ಒಳಗಿರುವ ಎಲ್ಲ ಫೋಲ್ಡರ್‌ಗಳಿಗೂ ಹೋಗು’ ಅಂತ ಅದರ ಅರ್ಥ. ಎಂಟರ್ ಒತ್ತಿದೆ. ಸಾಲುಗಳು ಓಡತೊಡಗಿದವು. ಟೀ ಕುಡಿದು ಬಂದರೂ ಓಡುತ್ತಲೇ ಇದ್ದವು. 400 ಫೋಟೊಗೆ ಇಷ್ಟು ಹೊತ್ತು ಯಾಕೆ ಅಂತ ಆಗಲೇ ಅನುಮಾನ ಬರಬೇಕಿತ್ತು. ಬರಲಿಲ್ಲ. ಮುಗಿದ ಮೇಲೆ ನೋಡಿದರೆ 12 ಜಿ.ಬಿ. ಖಾಲಿ. 400 ಫೋಟೊ ಪೂರ್ತಿ ಅಳಿಸಿದರೂ ಎರಡು ಜಿ.ಬಿ. ಸಿಗುವುದಿಲ್ಲ. ಆ ಲೆಕ್ಕವನ್ನೂ ನಾನು ಹಾಕಲಿಲ್ಲ. ಚಿಕ್ಕಪ್ಪ ‘ಭೇಷ್’ ಅಂದರು. ನಾನು ಬ್ಯಾಗ್ ಹಾಕಿಕೊಂಡು ಹಾಸ್ಟೆಲ್‌ಗೆ ಹೋದೆ.

ದೀಪಾವಳಿಗೆ ಊರಿಗೆ ಬಂದಾಗ ಅಂಗಡಿಯಲ್ಲಿ ಒಬ್ಬರು ಅಕ್ಕ ಕೂತಿದ್ದರು. ಕಣ್ಣು ಊದಿಕೊಂಡಿದ್ದವು. ಅವರ ಅಪ್ಪ ತೀರಿಕೊಂಡು ಒಂಬತ್ತು ದಿನ. ನಾಡಿದ್ದು ತಿಥಿ. ಗೋಡೆಗೆ ಹಾಕಲು ದೊಡ್ಡ ಫೋಟೊ ಬೇಕಿತ್ತು. ‘ಅಣ್ಣ, ಹೋದ್ ವರ್ಷ ನನ್ ಫೋನ್ ತುಂಬೋಗಿತ್ತಲ್ಲ, ಫೋಟೊ ಎಲ್ಲಾ ನಿಮ್ ಕಂಪ್ಯೂಟರ್‌ಗೆ ಹಾಕ್ಕೊಟ್ಟಿದ್ರಿ. ಅದ್ರಲ್ಲಿ ಅಪ್ಪ ಪೇಟ ಕಟ್ಕೊಂಡು ತೋಟದಲ್ಲಿ ನಿಂತಿರೋದು ಒಂದೈತೆ’ ಅಂದರು.

ಚಿಕ್ಕಪ್ಪ ಹಾಗೆ ಎಷ್ಟೋ ಜನರಿಗೆ ಮಾಡಿಕೊಟ್ಟಿದ್ದಾರೆ. ‘ಇಲ್ಲೇ ಇರ್ತವೆ, ಬೇಕಾದಾಗ ತಗೊಂಡೋಗಿ’ ಅಂತ ದುಡ್ಡೂ ಇಸಿದುಕೊಳ್ಳದೆ ಡಿ ಡ್ರೈವ್‌ನಲ್ಲಿ ಇಟ್ಟಿರುತ್ತಾರೆ. ಫೋಲ್ಡರ್ ತೆರೆದರು. ಫೋಟೊ ಇತ್ತು. ಗಾತ್ರ 37 ಕೆ.ಬಿ.

ನನ್ನ ಕೈಕಾಲು ತಣ್ಣಗಾದವು. ಶಾಲೆಯ ಫೋಲ್ಡರ್‌ಗಳೂ ಗಿರಾಕಿಗಳ ಫೋಲ್ಡರ್‌ಗಳೂ ಒಂದೇ ದೊಡ್ಡ ಫೋಲ್ಡರ್‌ನ ಒಳಗಿದ್ದವು. ನಾನು ಒಂದು ಮೆಟ್ಟಿಲು ಮೇಲೆ ನಿಂತು ಎಂಟರ್ ಒತ್ತಿದ್ದೆ. ಅದು ನಾನು ಹೇಳಿದಂತೆ ಒಳಗಿದ್ದ ಎಲ್ಲದಕ್ಕೂ ಹೋಗಿತ್ತು. ಮೂರು ಸಾವಿರಕ್ಕೂ ಹೆಚ್ಚು ಫೋಟೊ. ಮದುವೆ, ನಾಮಕರಣ, ಜಾತ್ರೆ, ತೀರಿಹೋದವರು, ಬೆಳೆದುಹೋದ ಮಕ್ಕಳು. ಎಲ್ಲವೂ 400 ಚುಕ್ಕಿ.

ಮರಳಿ ಬಾರದ್ದು

ಆ ಫೋಟೊವನ್ನು 12 ಇಂಚು ಅಗಲಕ್ಕೆ ಪ್ರಿಂಟ್ ಮಾಡಿದ್ದರೆ ಮೂಲದಲ್ಲಿ ಇಂಚಿಗೆ 250 ಚುಕ್ಕಿ ಸಿಗುತ್ತಿದ್ದವು, ಚೆನ್ನಾಗಿಯೇ ಬರುತ್ತಿತ್ತು. ಈಗ ಸಿಗುವುದು ಇಂಚಿಗೆ 25. ಪ್ರಿಂಟ್ ಹಾಕಿ ನೋಡಿದೆವು. ಮುಖದ ಜಾಗದಲ್ಲಿ ಮಂಜು ಕವಿದ ಹಾಗಿತ್ತು.

ನಾನು ಅಕ್ಕನ ಮುಂದೆ ನಿಂತು ‘ತಪ್ಪು ನನ್ನದು’ ಅಂದೆ. ಏನಾಯಿತು ಅಂತ ಹೇಳಿದೆ. ಅವರಿಗೆ ಪೂರ್ತಿ ಅರ್ಥವಾಗಲಿಲ್ಲ. ‘ಸಣ್ಣ ಮಾಡಿದ್ದನ್ನ ದೊಡ್ಡದು ಮಾಡಕ್ಕೆ ಬರಲ್ವಾ?’ ಅಂತ ಕೇಳಿದರು. ಇದಕ್ಕಿಂತ ಸರಿಯಾದ ಪ್ರಶ್ನೆಯನ್ನು ನನ್ನನ್ನು ಯಾವ ವೈವಾದಲ್ಲೂ ಯಾರೂ ಕೇಳಿಲ್ಲ.

ಮೊದಲು, ಅಳಿಸಿಹೋದದ್ದನ್ನು ಹುಡುಕುವ ಪ್ರಯತ್ನ ಮಾಡಿದೆ. ಡಿಸ್ಕ್‌ನಿಂದ ಫೈಲ್ ಅಳಿಸಿದರೆ ಅದರ ವಿಳಾಸ ಮಾತ್ರ ಮೊದಲು ಹೋಗುತ್ತದೆ. ಬೇರೆ ಫೈಲ್ ಬಂದು ಆ ಜಾಗದಲ್ಲಿ ಕೂರುವವರೆಗೆ ಹಳೆಯ ಮಾಹಿತಿ ಅಲ್ಲೇ ಇರಬಹುದು. ಫೋಟೊರೆಕ್ ಅನ್ನುವ ಉಚಿತ ತಂತ್ರಾಂಶ ಇಂಥದ್ದನ್ನೇ ಹುಡುಕುತ್ತದೆ. ಜೆಪೆಗ್ ಫೈಲ್‌ಗಳೆಲ್ಲ ಒಂದೇ ಬಗೆಯ ಬೈಟ್‌ಗಳಿಂದ ಶುರುವಾಗುತ್ತವೆ, ಆ ಗುರುತು ಹಿಡಿದು ಡಿಸ್ಕ್‌ನ ಖಾಲಿ ಜಾಗವನ್ನೆಲ್ಲ ಜಾಲಾಡುತ್ತದೆ. ರಾತ್ರಿಯಿಡೀ ಓಡಿಸಿದೆ. ಆದರೆ ಮೂರು ವಾರದಲ್ಲಿ ಚಿಕ್ಕಪ್ಪ ಆ ಖಾಲಿ ಜಾಗಕ್ಕೆ ನೂರಾರು ಸ್ಕ್ಯಾನ್‌ಗಳನ್ನು ತುಂಬಿಸಿದ್ದರು. ಬೆಳಿಗ್ಗೆ ಕೆಲವು ನೂರು ಫೋಟೊ ಸಿಕ್ಕವು, ಹೆಸರಿಲ್ಲದೆ. ಒಂದೊಂದೇ ತೆರೆಯುತ್ತಾ ಹೋದೆ. ಅಕ್ಕನ ಅಪ್ಪನೂ ಸಿಕ್ಕಿದರು. ಬಿಳಿ ಪೇಟ, ಅಗಲವಾದ ಹಣೆ, ಎರಡು ಕಣ್ಣು, ಎಲ್ಲ ನಿಚ್ಚಳವಾಗಿ. ಮೂಗಿನಿಂದ ಕೆಳಗೆ ಬರೀ ಬೂದು ಬಣ್ಣ.

ಎರಡನೆಯದು, ಎಐ ಬಳಸಿ ಫೋಟೊ ದೊಡ್ಡದು ಮಾಡುವ ಒಂದು ಜಾಲತಾಣ. ಸಣ್ಣ ಫೋಟೊ ಕೊಟ್ಟರೆ ಹತ್ತು ಸೆಕೆಂಡಿನಲ್ಲಿ ಫಳಫಳ ಹೊಳೆಯುವ ದೊಡ್ಡ ಫೋಟೊ ಕೊಟ್ಟಿತು. ನನಗೆ ಜೀವ ಬಂದಂತಾಯಿತು. ಅಕ್ಕನಿಗೆ ತೋರಿಸಿದೆ. ಅವರು ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು. ‘ಇವ್ರ್ಯಾರವ್ವ?’ ಅಂದರು. ‘ನಮ್ಮಪ್ಪಂಗೆ ಇಲ್ಲಿ ಕಾಯಿ ಬಿದ್ದು ಗಾಯ ಆಗಿತ್ತು, ಗುರುತು ಇತ್ತು. ಹಲ್ಲೂ ಹಿಂಗಿರ್ಲಿಲ್ಲ.’

ಅವರು ಹೇಳಿದ್ದು ಸರಿ. ನೂರು ಚುಕ್ಕಿಯಲ್ಲಿ ತೊಂಬತ್ತೊಂಬತ್ತನ್ನು ನಾನು ಎಸೆದಾಗಿತ್ತು. ಆ ಜಾಗಕ್ಕೆ ತಂತ್ರಾಂಶ ತಾನು ಎಲ್ಲೆಲ್ಲೋ ನೋಡಿದ ಬೇರೆ ಮುಖಗಳಿಂದ ಊಹಿಸಿ ಚರ್ಮ, ಹಲ್ಲು, ಸುಕ್ಕು ತುಂಬಿತ್ತು. ಅದು ಚೆಂದವಾಗಿತ್ತು, ಆದರೆ ಅವರ ಅಪ್ಪ ಆಗಿರಲಿಲ್ಲ. ಆ ಗಾಯದ ಗುರುತು ಬಹುಶಃ ಆರೇಳು ಚುಕ್ಕಿಯಷ್ಟು ದೊಡ್ಡದಿತ್ತು. ಅದು ಇದ್ದದ್ದು ಆ ಮೂಲ ಫೋಟೊದಲ್ಲಿ ಮಾತ್ರ.

ಕೊನೆಗೆ ಮೂರು ಇಂಚು ಅಗಲಕ್ಕೆ ಪ್ರಿಂಟ್ ಹಾಕಿದೆವು. ಇಂಚಿಗೆ ನೂರು ಚುಕ್ಕಿ. ಅಂಗೈಯಷ್ಟು ದೊಡ್ಡದು. ಹತ್ತಿರದಿಂದ ನೋಡಿದರೆ ಸ್ವಲ್ಪ ಮಸುಕು, ಆದರೆ ಅದು ಅವರೇ. ಚಿಕ್ಕಪ್ಪ ಅದಕ್ಕೆ ಅಗಲವಾದ ಬಿಳಿ ಅಂಚು ಕೊಟ್ಟು ದೊಡ್ಡ ಫ್ರೇಮಿನ ನಡುವೆ ಕೂರಿಸಿದರು. ತಿಥಿಯ ದಿನ ನಾವಿಬ್ಬರೂ ಹೋಗಿದ್ದೆವು. ಹೂವಿನ ಹಾರ ಫೋಟೊಕ್ಕಿಂತ ದೊಡ್ಡದಾಗಿ ಕಾಣುತ್ತಿತ್ತು. ಬಂದವರು ಬಗ್ಗಿ ಬಗ್ಗಿ ನೋಡಿ ನಮಸ್ಕಾರ ಮಾಡುತ್ತಿದ್ದರು. ಅವರು ಬಗ್ಗಿದಾಗಲೆಲ್ಲ ನಾನು ಬೇರೆ ಕಡೆ ನೋಡುತ್ತಿದ್ದೆ. ಅಕ್ಕ ನನಗೆ ಒಂದು ಮಾತೂ ಬೈಯಲಿಲ್ಲ. ಊಟಕ್ಕೆ ಕೂರಿಸಿ, ಎಲೆಗೆ ಎರಡನೇ ಸಲ ಪಾಯಸ ಬಡಿಸಿದರು. ಬೈದಿದ್ದರೆ ಚೆನ್ನಾಗಿತ್ತು.

ಆಮೇಲಿನ ವಾರ ನಾನೂ ಚಿಕ್ಕಪ್ಪನೂ ಕೂತು ಪಟ್ಟಿ ಮಾಡಿದೆವು. ಇನ್ನೂ ಹನ್ನೊಂದು ಮನೆಯವರ ಫೋಟೊ ಅದರಲ್ಲಿತ್ತು. ಎಲ್ಲರಿಗೂ ಫೋನ್ ಮಾಡಿ ನಡೆದದ್ದು ಹೇಳಿದೆ. ಕೆಲವರ ಹತ್ತಿರ ಬೇರೆ ಪ್ರತಿ ಇತ್ತು. ಕೆಲವರು ‘ಹೋಗ್ಲಿ ಬಿಡಮ್ಮ’ ಅಂದರು. ಒಬ್ಬರು ಚೆನ್ನಾಗಿ ಬೈದರು. ಅವರು ಬೈದದ್ದು ನ್ಯಾಯವೇ.

ಈಗ ನಾನು ಮಾಡುವುದು

ಕಪ್ಪು ಪರದೆಯನ್ನು ನಾನು ಬಿಟ್ಟಿಲ್ಲ. ಮೊನ್ನೆ ಜೂನ್‌ನಲ್ಲೂ ಇನ್ನೊಂದು ಶಾಲೆಯ ಫೋಟೊಗಳನ್ನು ಮಾಡಿಕೊಟ್ಟೆ. ಆದರೆ ಮಾಡುವ ಕ್ರಮ ಬದಲಾಗಿದೆ. ನನ್ನ ವಯಸ್ಸಿನ ಯಾರಾದರೂ ಇದನ್ನು ಕಲಿಯುವುದಾದರೆ ಉಪಯೋಗಕ್ಕೆ ಬರಲಿ ಅಂತ ಹೇಳುತ್ತೇನೆ.

ಮೂಲ ಫೋಟೊ ಇರುವ ಫೋಲ್ಡರ್‌ನಲ್ಲಿ ಕೆಲಸವನ್ನೇ ಮಾಡುವುದಿಲ್ಲ. ಮೊದಲು ಅದರ ನಕಲು, ಕೆಲಸ ನಕಲಿನ ಮೇಲೆ. ಮಾಗ್ರಿಫೈ ಬಳಸಲೇಬೇಕಾದರೆ ‘ಪಾಥ್’ ಅಂತ ಕೊಟ್ಟು ಬೇರೆ ಫೋಲ್ಡರ್ ತೋರಿಸುತ್ತೇನೆ, ಆಗ ಅದು ಹಳೆಯದನ್ನು ಮುಟ್ಟುವುದಿಲ್ಲ. ಎಲ್ಲಕ್ಕೂ ಓಡಿಸುವ ಮೊದಲು ಒಂದಕ್ಕೆ ಓಡಿಸಿ ಕಣ್ಣಿನಿಂದ ನೋಡುತ್ತೇನೆ. ಆಮೇಲೆ ಕಮಾಂಡ್‌ನ ಮುಂದೆ ‘ಎಕೊ’ ಅಂತ ಸೇರಿಸಿ ಓಡಿಸುತ್ತೇನೆ. ಆಗ ಕಂಪ್ಯೂಟರ್ ಏನನ್ನೂ ಮಾಡುವುದಿಲ್ಲ, ಯಾವ ಯಾವ ಫೈಲ್‌ಗೆ ಏನು ಮಾಡಲಿದೆ ಅಂತ ಬರೀ ಹೇಳುತ್ತದೆ. ಅವತ್ತು ಹಾಗೆ ಮಾಡಿದ್ದರೆ, ಗಿರಾಕಿಗಳ ಫೋಲ್ಡರ್ ಹೆಸರುಗಳು ಪರದೆಯ ಮೇಲೆ ಬಂದಾಗಲೇ ಗೊತ್ತಾಗುತ್ತಿತ್ತು. ಎಷ್ಟು ಫೋಟೊ ಇದ್ದವು, ಎಷ್ಟು ಬಂದವು ಅಂತ ಎಣಿಸುತ್ತೇನೆ. ಲೆಕ್ಕ ಕಡಿಮೆ ಬಂದರೂ ತಪ್ಪು, ಜಾಸ್ತಿ ಬಂದರೂ ತಪ್ಪು.

ಗಾತ್ರ ಹೊಂದಿಸಲು ಪದೇ ಪದೇ ಸೇವ್ ಮಾಡುವುದೂ ಬೇಡ. ಜೆಪೆಗ್‌ನಿಂದ ಜೆಪೆಗ್‌ಗೆ ಹೋದಾಗಲೆಲ್ಲ ಇನ್ನಷ್ಟು ಪೈಸೆ ಉದುರುತ್ತದೆ. ಇಮೇಜ್‌ಮ್ಯಾಜಿಕ್‌ಗೆ ‘ಜೆಪೆಗ್ ಎಕ್ಸ್‌ಟೆಂಟ್’ ಅಂತ ಮಿತಿ ಕೊಟ್ಟರೆ, ಆ ಕೆ.ಬಿ. ಒಳಗೆ ಬರುವಂಥ ಗುಣಮಟ್ಟವನ್ನು ಅದೇ ಹುಡುಕಿಕೊಳ್ಳುತ್ತದೆ. ‘ಸ್ಟ್ರಿಪ್’ ಮಾತ್ರ ಬಿಡಬೇಡಿ. ಫೋನ್‌ನಲ್ಲಿ ಲೊಕೇಶನ್ ಆನ್ ಇದ್ದರೆ ಫೋಟೊ ತೆಗೆದ ಜಾಗದ ಅಕ್ಷಾಂಶ, ರೇಖಾಂಶವೂ ಫೈಲ್‌ನೊಳಗೆ ಕೂತಿರುತ್ತದೆ. ಮಕ್ಕಳ ಫೋಟೊ ಎಲ್ಲೆಲ್ಲಿಗೋ ಹೋಗುವಾಗ ಅವರ ಮನೆಯ ವಿಳಾಸವನ್ನೂ ಜೊತೆಗೆ ಕಳಿಸುವುದು ಯಾಕೆ? ಆದರೆ ಅದರ ಜೊತೆ ತೆಗೆದ ದಿನಾಂಕವೂ ಹೋಗುತ್ತದೆ. ಆದ್ದರಿಂದ ಅದೂ ನಕಲಿನ ಮೇಲೆಯೇ.

ಕೈಯಿಂದ ಮಾಡುವಾಗ ಚಿಕ್ಕಪ್ಪ ಒಂದು ತಪ್ಪು ಮಾಡಿದರೆ ಒಂದು ಫೋಟೊ ಕೆಡುತ್ತಿತ್ತು. ಎರಡನೆಯದಕ್ಕೆ ಬರುವಷ್ಟರಲ್ಲಿ ಅವರಿಗೆ ಗೊತ್ತಾಗುತ್ತಿತ್ತು. ಆ ಐದು ನಿಮಿಷದಲ್ಲಿ ಬರೀ ಬೇಸರವಷ್ಟೇ ಇರಲಿಲ್ಲ, ನೋಡುವುದೂ ಇತ್ತು. ಸ್ಕ್ರಿಪ್ಟ್ ಬರೆದು ನಾನು ಬೇಸರವನ್ನು ಉಳಿಸಿದೆ, ನೋಡುವುದನ್ನೂ ಉಳಿಸಿಬಿಟ್ಟೆ. ಈಗ ಉಳಿದ ಸಮಯದಲ್ಲಿ ಸ್ವಲ್ಪವನ್ನಾದರೂ ನೋಡುವುದಕ್ಕೆ ಅಂತ ಇಟ್ಟುಕೊಳ್ಳುತ್ತೇನೆ.

ಅಂಗಡಿಗೆ ಈಗ ಎರಡು ಹಾರ್ಡ್‌ಡಿಸ್ಕ್ ಬಂದಿವೆ. ಒಂದು ಅಂಗಡಿಯಲ್ಲಿ, ಇನ್ನೊಂದು ಮನೆಯ ಬೀರುವಿನಲ್ಲಿ. ಪ್ರತಿ ಭಾನುವಾರ ಸಂಜೆ ಗಿರಾಕಿಗಳ ಫೋಟೊಗಳನ್ನು ಎರಡನೆಯದಕ್ಕೆ ನಕಲು ಮಾಡುವ ಸ್ಕ್ರಿಪ್ಟ್ ಬರೆದುಕೊಟ್ಟಿದ್ದೇನೆ. ಅದನ್ನು ಓಡಿಸುವವರು ಚಿಕ್ಕಪ್ಪ. ಮುಗಿದ ಮೇಲೆ ಫೈಲ್‌ಗಳ ಸಂಖ್ಯೆಯನ್ನು ಸಾಲದ ಪುಸ್ತಕದ ಹಿಂದಿನ ಹಾಳೆಯಲ್ಲಿ ಪೆನ್ನಿನಿಂದ ಬರೆದಿಡುತ್ತಾರೆ.

ಹೋದ ತಿಂಗಳು ಆ ಅಕ್ಕ ಮತ್ತೆ ಬಂದಿದ್ದರು. ಈ ಸಲ ಅವರ ಅಮ್ಮನನ್ನೂ ಕರೆದುಕೊಂಡು ಬಂದಿದ್ದರು. ಹೊಸ ಸೀರೆ, ತಲೆ ತುಂಬ ಹೂವು, ನಗಲು ನಾಚಿಕೆ. ‘ಅಮ್ಮಂದು ಒಂದು ಚೆಂದಾಗಿ ತೆಗೆದುಕೊಡವ್ವ’ ಅಂದರು. ತೆಗೆದೆ. 4000ಕ್ಕೆ 3000. ಹೋಗುವಾಗ ಬಾಗಿಲ ಹತ್ತಿರ ನಿಂತು, ಮೆಲ್ಲಗೆ, ನನಗೆ ಮಾತ್ರ ಕೇಳುವ ಹಾಗೆ ಹೇಳಿದರು:

‘ಎರಡು ಕಡೆ ಇಡವ್ವ.’